ಸ್ವಿಚ್ಚಿಗೆ ಬರುವ ಮೂರ್ಛೆ

ಸ್ವಿಚ್ಚು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗೋಡೆಯ ಮೇಲಿನ ದೀಪದ ಗುಂಡಿ. ಅದನ್ನು ಒತ್ತಿದರೆ ವಿದ್ಯುನ್ಮಂಡಲ ಪೂರ್ಣವಾಗಿ ಪ್ರವಾಹ ಹರಿಯುತ್ತದೆ. ಮೇಲಕ್ಕೆತ್ತಿದರೆ ಮಂಡಲ ತುಂಡಾಗಿ ಪ್ರವಾಹ ನಿಂತುಹೋಗುತ್ತದೆ. ನಾವು ಇಲ್ಲಿ ಹೇಳಹೊರಟಿರುವ ಸ್ವಿಚ್ಚು ಇದರ ದೂರದ ನೆಂಟನೇ ಹೊರತು ಇದೇ ಅಲ್ಲ. ಬ್ಯಾಂಕಿನ ಮೂಲೆಯಲ್ಲಿ, ಆಸ್ಪತ್ರೆಯ ಓಣಿಯಲ್ಲಿ, ಕಾಲೇಜಿನ ಕಂಪ್ಯೂಟರು ಕೊಠಡಿಯಲ್ಲಿ ಚಪ್ಪಟೆಯಾದ ಒಂದು ಲೋಹದ ಪೆಟ್ಟಿಗೆಯನ್ನು ವಾಚಕರು ನೋಡಿರಬಹುದು. ಅದರ ಮುಖದ ಮೇಲೆ ಸಾಲಾಗಿ ಎಂಟೋ ಇಪ್ಪತ್ತನಾಲ್ಕೋ ಚೌಕನೆಯ ತೂತುಗಳು. ಒಂದೊಂದಕ್ಕೂ ಒಂದೊಂದು ತಂತಿ. ತೂತಿನ ಪಕ್ಕದಲ್ಲಿ ಮಿಣಿಮಿಣಿ ಮಿನುಗುವ ಹಸಿರು ದೀಪ. ಕಟ್ಟಡದಲ್ಲಿರುವ ಕಂಪ್ಯೂಟರುಗಳೆಲ್ಲ ಒಂದರೊಡನೊಂದು ಮಾತನಾಡುವುದು ಈ ಪೆಟ್ಟಿಗೆಯ ಮೂಲಕ. ಜಾಲದ ಸ್ವಿಚ್ಚು ಎಂದರೆ ಇದೇ.

ಈ ಪೆಟ್ಟಿಗೆಗೆ ಒಂದು ವಿಚಿತ್ರವಾದ ರೋಗವುಂಟು. ಅದು ಸುಟ್ಟುಹೋಗುವುದಿಲ್ಲ, ಒಡೆಯುವುದಿಲ್ಲ, ಅದರೊಳಗಿನಿಂದ ಯಾರೂ ಏನನ್ನೂ ಕದಿಯುವುದಿಲ್ಲ. ದೀಪಗಳು ಉರಿಯುತ್ತಲೇ ಇರುತ್ತವೆ. ಕೆಲವು ವೇಳೆ ಎಂದಿಗಿಂತಲೂ ಹೆಚ್ಚಾಗಿಯೇ ಉರಿಯುತ್ತವೆ. ಆದರೆ ಕೆಲಸ ಮಾತ್ರ ನಡೆಯುವುದಿಲ್ಲ. ರೈಲ್ವೆ ನಿಲ್ದಾಣದ ಟಿಕೆಟ್ಟಿನ ಕಿಂಡಿಯ ಮುಂದೆ ಒಬ್ಬ ಆಸಾಮಿ ನಿಂತು, ಟಿಕೆಟ್ಟನ್ನೂ ಕೊಳ್ಳದೆ, ಜಾಗವನ್ನೂ ಬಿಡದೆ, ಗುಮಾಸ್ತನನ್ನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತ ಹೋದರೆ ಹಿಂದೆ ನಿಂತವರ ಗತಿ ಏನಾದೀತು? ಗುಮಾಸ್ತ ಇದ್ದಾನೆ, ಟಿಕೆಟ್ಟೂ ಇದೆ, ಬಂಡಿಯೂ ಬಂದು ನಿಂತಿದೆ, ಆದರೂ ಪ್ರಯಾಣವಿಲ್ಲ. ಕಂಪ್ಯೂಟರು ಜಾಲದಲ್ಲಿ ಇಂಥ ಸ್ಥಿತಿಯನ್ನುಂಟುಮಾಡುವುದಕ್ಕೆ ಸೇವಾನಿರಾಕರಣೆ ಎಂದು ಹೆಸರು. ಬೇಕೆಂದೇ ಮಾಡಿದರೆ ಅದು ದಾಳಿ. ಬೇಡದೆ ಆದರೆ ಅಪಘಾತ. ಯಂತ್ರದ ಪಾಲಿಗೆ ಎರಡಕ್ಕೂ ವ್ಯತ್ಯಾಸವಿಲ್ಲ ಎಂಬುದನ್ನು ಮುಂದೆ ನೋಡುವೆವು.

ಸ್ವಿಚ್ಚು ಏಕೆ ಹೀಗೆ ಮೂರ್ಛೆಹೋಗುತ್ತದೆಂದು ತಿಳಿಯಬೇಕಾದರೆ ಅದು ಆರೋಗ್ಯದಲ್ಲಿರುವಾಗ ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

1973ರ ಮೇ ತಿಂಗಳಿನಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್ಕಾಫ್ ಎಂಬುವರು ಕಂಪ್ಯೂಟರುಗಳನ್ನು ಒಂದೇ ತಂತಿಗೆ ಪೋಣಿಸುವ ಒಂದು ಏರ್ಪಾಟನ್ನು ಬರೆದಿಟ್ಟರು. ಅದಕ್ಕೆ ಅವರು ಇಟ್ಟ ಹೆಸರು ಈಥರ್‌ನೆಟ್. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಸರು ನಗು ತರಿಸಬೇಕು. ಬೆಳಕಿನ ಅಲೆಗಳನ್ನು ಹೊತ್ತು ವಿಶ್ವವನ್ನೆಲ್ಲ ತುಂಬಿಕೊಂಡಿದೆಯೆಂದು ಹತ್ತೊಂಬತ್ತನೆಯ ಶತಮಾನದವರು ನಂಬಿದ್ದ ಈಥರು, 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆಯವರು ಎಷ್ಟು ಹುಡುಕಿದರೂ ಸಿಕ್ಕದೆ, ಕೊನೆಗೆ ಶಾಸ್ತ್ರದಿಂದಲೇ ಉಚ್ಚಾಟಿತವಾಯಿತಷ್ಟೆ. ಅದೇ ಈಥರು ಕಂಪ್ಯೂಟರುಗಳ ಲೋಕದಲ್ಲಿ ಹೀಗೆ ಮರುಹುಟ್ಟು ಪಡೆಯಿತು. ಆ ಏರ್ಪಾಟಿನಲ್ಲಿ ಒಬ್ಬರಾಡಿದ ಮಾತು ತಂತಿಯ ಮೇಲಿರುವ ಎಲ್ಲರಿಗೂ ಕೇಳುತ್ತಿತ್ತು. ತನಗೆ ಸಂಬಂಧಪಡದ ಮಾತನ್ನು ಪ್ರತಿಯೊಂದು ಯಂತ್ರವೂ ಬಿಟ್ಟುಬಿಡುತ್ತಿತ್ತು. ಹತ್ತು ಜನರಿರುವ ಮನೆಗೆ ಇದು ಸಾಕು. ಸಾವಿರ ಜನರಿರುವ ಊರಿಗೆ ಸಾಲದು. ಆದುದರಿಂದ ಕ್ರಮೇಣ ಎಲ್ಲರಿಗೂ ಸೇರಿದ ತಂತಿ ಮಾಯವಾಗಿ, ನಡುವೆ ವಿಂಗಡಣೆ ಮಾಡುವ ಪೆಟ್ಟಿಗೆ ಬಂದು ಕುಳಿತಿತು.

ಟಪಾಲು ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗುಮಾಸ್ತನನ್ನು ನೆನೆದುಕೊಳ್ಳಿರಿ. ಕಂಪ್ಯೂಟರಿನ ಸಂದೇಶ ಚಿಕ್ಕ ಚಿಕ್ಕ ತುಂಡುಗಳಾಗಿ, ಒಂದೊಂದು ತುಂಡೂ ಒಂದೊಂದು ಲಕೋಟೆಯಲ್ಲಿ ಸೇರಿ, ಪ್ರಯಾಣ ಮಾಡುತ್ತದೆ. ಇಂಥ ಲಕೋಟೆಗೆ ಫ್ರೇಮು ಎಂದು ಹೆಸರು. ಅದರ ಮೇಲೆ ಎರಡು ವಿಳಾಸಗಳು: ಯಾರಿಗೆ ಹೋಗಬೇಕು, ಯಾರಿಂದ ಬಂದಿತು. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲಿಯೇ ಕೊಟ್ಟ 48 ಬಿಟ್ಟುಗಳ ವಿಳಾಸವುಂಟು. 2ರ 48ನೆಯ ಘಾತವೆಂದರೆ ಸುಮಾರು 281 ಲಕ್ಷ ಕೋಟಿ. ಜಗತ್ತಿನ ಯಂತ್ರಗಳಿಗೆಲ್ಲ ಹಂಚಿದರೂ ಮುಗಿಯದಷ್ಟು.

ಸ್ವಿಚ್ಚನ್ನು ತಂದು ಕೂರಿಸಿದ ದಿನ ಅದಕ್ಕೆ ಯಾರ ಪರಿಚಯವೂ ಇರುವುದಿಲ್ಲ. ಯಾರೂ ಅದಕ್ಕೆ ಊರಿನ ನಕ್ಷೆಯನ್ನು ಕೊಡುವುದಿಲ್ಲ. ಆದರೂ ಅದು ತಾನಾಗಿಯೇ ಕಲಿಯುತ್ತದೆ. ಕಲಿಯುವ ರೀತಿಯೂ ಬಹು ಸೊಗಸಾದುದು. ಮೂರನೆಯ ತೂತಿನಿಂದ ಒಂದು ಲಕೋಟೆ ಬಂದಿತೆನ್ನಿ. ಅದರ ಮೇಲಿನ 'ಇಂದ' ವಿಳಾಸವನ್ನು ಓದಿ, 'ಈ ವಿಳಾಸದವನು ಮೂರನೆಯ ಬಾಗಿಲಿನ ಕಡೆ ಇದ್ದಾನೆ' ಎಂದು ಸ್ವಿಚ್ಚು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಕಾಗದ ಬಂದಾಗ ನೇರವಾಗಿ ಮೂರನೆಯ ಬಾಗಿಲಿನಿಂದ ಕಳಿಸುತ್ತದೆ. 'ಗೆ' ವಿಳಾಸ ಪಟ್ಟಿಯಲ್ಲಿ ಇನ್ನೂ ಇಲ್ಲದಿದ್ದರೆ, ಬಂದ ಬಾಗಿಲೊಂದನ್ನು ಬಿಟ್ಟು ಉಳಿದ ಎಲ್ಲ ಬಾಗಿಲುಗಳಿಗೂ ಒಂದೊಂದು ಪ್ರತಿ ಮಾಡಿ ಹಂಚಿಬಿಡುತ್ತದೆ. ಯಾರದೋ ಅವರು ತೆಗೆದುಕೊಳ್ಳಲಿ ಎಂಬುದು ಅದರ ನ್ಯಾಯ. ಸಾಮಾನ್ಯವಾಗಿ 300 ಸೆಕೆಂಡುಗಳ ಕಾಲ ಒಬ್ಬನ ಸದ್ದೇ ಇಲ್ಲದಿದ್ದರೆ ಅವನ ಹೆಸರನ್ನು ಪಟ್ಟಿಯಿಂದ ಅಳಿಸಿಹಾಕುತ್ತದೆ.

ಇಷ್ಟೆ ಅದರ ವಿದ್ಯೆ. ಇದರಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಿರಬಹುದು. ಲಕೋಟೆಯ ಮೇಲೆ ಬರೆದ 'ಇಂದ' ವಿಳಾಸ ನಿಜವೇ ಎಂದು ಸ್ವಿಚ್ಚು ಎಲ್ಲಿಯೂ ಕೇಳಲಿಲ್ಲ.

ಪಟ್ಟಿ ತುಂಬಿದಾಗ

ಸ್ವಿಚ್ಚಿನ ಪಟ್ಟಿ ಅನಂತವಲ್ಲ. ಸಣ್ಣ ಸ್ವಿಚ್ಚುಗಳಲ್ಲಿ 8192 ಹೆಸರುಗಳಿಗೆ ಸ್ಥಳವಿರುವುದು ಸಾಮಾನ್ಯ. ಜಾಲದಲ್ಲಿರುವ ಯಾವುದೋ ಒಂದು ಕಂಪ್ಯೂಟರು, ಪ್ರತಿ ಲಕೋಟೆಯ ಮೇಲೂ ಒಂದೊಂದು ಸುಳ್ಳು 'ಇಂದ' ವಿಳಾಸ ಬರೆದು ಕಳಿಸುತ್ತ ಹೋದರೆ ಎಷ್ಟು ಹೊತ್ತಿನಲ್ಲಿ ಪಟ್ಟಿ ತುಂಬೀತು? ಲೆಕ್ಕ ಸುಲಭ. ಈಥರ್‌ನೆಟ್ಟಿನ ಅತ್ಯಂತ ಚಿಕ್ಕ ಫ್ರೇಮು 64 ಬೈಟುಗಳದು. ಅದರ ಮುಂದೆ ಎಚ್ಚರಿಕೆಯ ಗಂಟೆಯಂತೆ 8 ಬೈಟುಗಳು, ಹಿಂದೆ ಬಿಡಬೇಕಾದ ಅಂತರ 12 ಬೈಟುಗಳಷ್ಟು. ಒಟ್ಟು 84 ಬೈಟು, ಎಂದರೆ 672 ಬಿಟ್ಟು. ಸೆಕೆಂಡಿಗೆ 10 ಕೋಟಿ ಬಿಟ್ಟುಗಳನ್ನು ಸಾಗಿಸುವ ತಂತಿಯಲ್ಲಿ ಸೆಕೆಂಡಿಗೆ 1,48,809 ಲಕೋಟೆಗಳು ಹೋಗಬಲ್ಲವು. 8192ನ್ನು ಇದರಿಂದ ಭಾಗಿಸಿದರೆ ಬರುವುದು ಒಂದು ಸೆಕೆಂಡಿನ ಸುಮಾರು ಹದಿನೆಂಟನೆಯ ಒಂದು ಭಾಗ. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಇದಕ್ಕಿಂತ ಹೆಚ್ಚು ಕಾಲ ಬೇಕು.

ಪಟ್ಟಿ ತುಂಬಿದ ಮೇಲೆ ನಿಜವಾದ ನಿವಾಸಿಗಳ ಹೆಸರು ಬರೆಯಲು ಜಾಗವಿಲ್ಲ. ಹೆಸರಿಲ್ಲದವರ ಕಾಗದವನ್ನು ಏನು ಮಾಡಬೇಕು? ಎಲ್ಲ ಬಾಗಿಲಿಗೂ ಹಂಚಬೇಕು, ನಿಯಮವೇ ಹಾಗೆ. ಹೀಗೆ ವಿಂಗಡಣೆ ಮಾಡುವ ಗುಮಾಸ್ತ, ಬಂದ ಕಾಗದವನ್ನೆಲ್ಲ ಬೀದಿಯ ಮನೆಮನೆಗೂ ಹಾಕುವ ಹುಚ್ಚನಾಗುತ್ತಾನೆ. ಜಾಲ ಮಂದವಾಗುವುದಲ್ಲದೆ, ಒಬ್ಬರ ಕಾಗದ ಇನ್ನೊಬ್ಬರ ಕೈಗೆ ಬೀಳುವ ಅಪಾಯವೂ ಉಂಟು. ಇದಕ್ಕೆ ಪರಿಹಾರ ಕಷ್ಟವಾದುದಲ್ಲ. 'ಈ ಬಾಗಿಲಿನ ಹಿಂದೆ ಇರುವುದು ಒಂದೇ ಕಂಪ್ಯೂಟರು. ಎರಡು ಮೂರಕ್ಕಿಂತ ಹೆಚ್ಚು ವಿಳಾಸಗಳು ಕಂಡುಬಂದರೆ ಬಾಗಿಲನ್ನು ಮುಚ್ಚಿಬಿಡು' ಎಂದು ಸ್ವಿಚ್ಚಿಗೆ ಮೊದಲೇ ಅಪ್ಪಣೆ ಕೊಟ್ಟಿಡಬಹುದು. ಉತ್ತಮ ದರ್ಜೆಯ ಸ್ವಿಚ್ಚುಗಳಲ್ಲೆಲ್ಲ ಈ ಸೌಕರ್ಯವುಂಟು. ಅದನ್ನು ಬಳಸಿಕೊಳ್ಳುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಉಂಗುರದ ಕಾಟ

ಇದಕ್ಕಿಂತ ಘೋರವಾದುದು ಇನ್ನೊಂದುಂಟು. ಅದಕ್ಕೆ ಯಾವ ದುಷ್ಟನೂ ಬೇಡ. ಒಂದು ಮೊಳ ತಂತಿ ಸಾಕು. ಪ್ರಯೋಗಶಾಲೆಯಲ್ಲಿ ಒಂದು ತಂತಿಯ ತುದಿ ನೆಲದ ಮೇಲೆ ಬಿದ್ದಿದೆಯೆನ್ನಿ. ಅದರ ಇನ್ನೊಂದು ತುದಿ ಆಗಲೇ ಸ್ವಿಚ್ಚಿನಲ್ಲಿದೆ ಎಂಬುದನ್ನು ನೋಡದೆ ಯಾರೋ ಒಬ್ಬರು ಅದನ್ನು ಎತ್ತಿ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಚುಚ್ಚುತ್ತಾರೆ. ಉಂಗುರ ಏರ್ಪಟ್ಟಿತು. ಮುಂದೆ ಆಗುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಜಾಲದಲ್ಲಿ ಕೆಲವು ಲಕೋಟೆಗಳು ಎಲ್ಲರಿಗೂ ಸೇರಬೇಕಾದವು; ಡಂಗುರದಂತೆ. 'ಇಂಥ ವಿಳಾಸದವರು ಯಾರು?' ಎಂದು ಒಂದು ಕಂಪ್ಯೂಟರು ಊರಿಗೆಲ್ಲ ಕೂಗಿ ಕೇಳುವುದು ನಿತ್ಯದ ವ್ಯವಹಾರ. ಈಗ ಎರಡು ಸ್ವಿಚ್ಚುಗಳ ನಡುವೆ ಮೂರು ತಂತಿಗಳಿವೆಯೆಂದು ಭಾವಿಸಿರಿ. ಮೊದಲನೆಯ ಸ್ವಿಚ್ಚಿಗೆ ಒಂದು ಡಂಗುರದ ಲಕೋಟೆ ಬಂದಿತು. ಅದು ಮೂರು ತಂತಿಗಳ ಮೇಲೂ ಒಂದೊಂದು ಪ್ರತಿ ಕಳಿಸುತ್ತದೆ. ಎರಡನೆಯ ಸ್ವಿಚ್ಚಿಗೆ ಮೂರು ಪ್ರತಿಗಳು ತಲಪುತ್ತವೆ. ಅವು ಒಂದೇ ಲಕೋಟೆಯ ಪ್ರತಿಗಳೆಂದು ಅದಕ್ಕೆ ತಿಳಿಯದು. ಪ್ರತಿಯೊಂದನ್ನೂ ಬಂದ ತಂತಿ ಬಿಟ್ಟು ಉಳಿದ ಎರಡು ತಂತಿಗಳ ಮೇಲೆ ಹಿಂದಕ್ಕೆ ಕಳಿಸುತ್ತದೆ: ಆರು. ಆ ಕಡೆಯಿಂದ ಹನ್ನೆರಡು. ಮತ್ತೆ ಈ ಕಡೆಯಿಂದ ಇಪ್ಪತ್ತನಾಲ್ಕು.

ಯುರೇನಿಯಂ 235ರ ಒಂದು ಬೀಜ ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬಿದ್ದು, ಅವು ಮತ್ತಷ್ಟು ಬೀಜಗಳನ್ನು ಒಡೆದು, ಸರಪಳಿ ಕ್ರಿಯೆ ಬೆಳೆಯುವುದನ್ನು ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಇಪ್ಪತ್ತು ಸಲ ದಾಟಿದ ಮೇಲೆ ಪ್ರತಿಗಳ ಸಂಖ್ಯೆ 15 ಲಕ್ಷವನ್ನು ಮೀರಬೇಕು. ಒಂದು ಸಲ ದಾಟಲು ಹತ್ತು ಮೈಕ್ರೊಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೆ, ಇಪ್ಪತ್ತು ಸಲಕ್ಕೆ 200 ಮೈಕ್ರೊಸೆಕೆಂಡು. ಆದರೆ ಅಷ್ಟರಲ್ಲಿ ನಾವು ಮೇಲೆ ಹೇಳಿದ ತಂತಿ ಸಾಗಿಸಬಲ್ಲುದು ಸುಮಾರು 30 ಲಕೋಟೆಗಳನ್ನು ಮಾತ್ರ. ಅಂದಮೇಲೆ ಸಂಖ್ಯೆ ಲಕ್ಷವನ್ನು ಮುಟ್ಟುವ ಬಹು ಮೊದಲೇ ತಂತಿಗಳು ಕಿಕ್ಕಿರಿದು ತುಂಬಿಹೋಗುತ್ತವೆ. ಅಲ್ಲಿಂದ ಮುಂದೆ ಆ ಒಂದೇ ಹಳೆಯ ಕೂಗು ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಹೊಸ ಮಾತಿಗೆ ಎಡೆಯಿಲ್ಲ. ಇದಕ್ಕೆ ಡಂಗುರದ ಬಿರುಗಾಳಿ ಎನ್ನಬಹುದು. ಪ್ರತಿ ಸುತ್ತಿನಲ್ಲಿಯೂ ಜಾಲದ ಎಲ್ಲ ಕಂಪ್ಯೂಟರುಗಳಿಗೂ ಒಂದೊಂದು ಪ್ರತಿ ಬಂದು ಬೀಳುವುದರಿಂದ, ಅದನ್ನು ಓದಿ ಎಸೆಯುವುದರಲ್ಲಿಯೇ ಅವುಗಳ ಹೊತ್ತೂ ಕಳೆಯುತ್ತದೆ. ಒಬ್ಬನೇ ಕಳುಹಿಸಿದವನ ಲಕೋಟೆ ಒಮ್ಮೆ ಈ ಬಾಗಿಲಿನಿಂದ, ಮರುಕ್ಷಣ ಆ ಬಾಗಿಲಿನಿಂದ ಬರುವುದನ್ನು ಕಂಡು ಸ್ವಿಚ್ಚಿನ ಪಟ್ಟಿಯೂ ಗೊಂದಲಕ್ಕೀಡಾಗುತ್ತದೆ.

ಸುತ್ತುವುದು ಎಂದಾದರೂ ನಿಲ್ಲಬೇಡವೇ? ಇಲ್ಲಿದೆ ಸ್ವಾರಸ್ಯ. ಅಂತರಜಾಲದ ದೂರಪ್ರಯಾಣದ ಪ್ಯಾಕೆಟ್ಟಿನಲ್ಲಿ ಆಯುಸ್ಸಿನ ಒಂದು ಅಂಕಿಯುಂಟು. ಅದು 255ಕ್ಕಿಂತ ಹೆಚ್ಚಿರುವಂತಿಲ್ಲ. ದಾರಿಯ ಪ್ರತಿ ರೂಟರಿನಲ್ಲಿಯೂ ಅದರಿಂದ ಒಂದನ್ನು ಕಳೆಯುತ್ತಾರೆ. ಸೊನ್ನೆಯಾದೊಡನೆ ಪ್ಯಾಕೆಟ್ಟನ್ನು ಎಸೆದುಬಿಡುತ್ತಾರೆ. ಎಲ್ಲಿಯೋ ದಾರಿ ತಪ್ಪಿ ಉಂಗುರದಲ್ಲಿ ಸಿಕ್ಕಿದರೂ ಅದು ಕೊನೆಗೆ ಸಾಯುತ್ತದೆ. ಈಥರ್‌ನೆಟ್ಟಿನ ಲಕೋಟೆಗೆ ಇಂಥ ಆಯುಸ್ಸಿನ ಅಂಕಿಯನ್ನು ಯಾರೂ ಇಡಲಿಲ್ಲ. ಒಂದೇ ತಂತಿಯ ಕಾಲದಲ್ಲಿ ಹುಟ್ಟಿದ ಲಕೋಟೆಗೆ ಅದರ ಅಗತ್ಯವೇ ಇರಲಿಲ್ಲ. ಅದು ಚಿರಂಜೀವಿ, ಯಾರಾದರೂ ತಂತಿಯನ್ನು ಕಿತ್ತ ಹೊರತು ಅದಕ್ಕೆ ಮುಕ್ತಿಯಿಲ್ಲ.

ಹಾಗಾದರೆ ಉಂಗುರವೇ ಬಾರದಂತೆ ತಂತಿ ಎಳೆದರಾಯಿತಲ್ಲ ಎನ್ನಬಹುದು. ಅದೂ ಸಾಧುವಲ್ಲ. ಎರಡು ಸ್ಥಳಗಳ ನಡುವೆ ಒಂದೇ ತಂತಿಯಿದ್ದರೆ ಅದು ತುಂಡಾದ ದಿನ ಸಂಬಂಧವೂ ತುಂಡಾಯಿತು. ಬದಲಿ ದಾರಿ ಇರಲೇಬೇಕು, ಆದರೆ ಬಳಕೆಯಲ್ಲಿರಬಾರದು, ಬೇಕಾದಾಗ ತಾನಾಗಿ ತೆರೆದುಕೊಳ್ಳಬೇಕು. ಈ ಒಗಟನ್ನು ಬಿಡಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪೆನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. 1985ರಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಆ ಪ್ರಬಂಧದ ಮೊದಲಿಗೆ ತಾವೇ ಕಟ್ಟಿದ ಒಂದು ಪುಟ್ಟ ಪದ್ಯವನ್ನೂ ಸೇರಿಸಿದ್ದರು. ಶಾಸ್ತ್ರದ ಪ್ರಬಂಧಗಳಲ್ಲಿ ಇಂಥ ಸಂತೋಷ ಅಪರೂಪ.

ನಾಲ್ಕು ಸ್ವಿಚ್ಚುಗಳನ್ನು ಪರಸ್ಪರ ಜೋಡಿಸಿದರೆ ಆರು ತಂತಿಗಳಾಗುತ್ತವೆ. ನಾಲ್ಕೂ ಕೂಡಿಕೊಂಡಿರಬೇಕು, ಉಂಗುರ ಮಾತ್ರ ಇರಬಾರದು ಎಂದರೆ ಮೂರು ತಂತಿ ಸಾಕು. ಅಂಥ ಆಕೃತಿಗೆ ಗಣಿತದಲ್ಲಿ ವೃಕ್ಷವೆಂದು ಹೆಸರು. ಮರದ ಕೊಂಬೆಗಳು ಕವಲೊಡೆದಾವೇ ಹೊರತು ಮತ್ತೆ ಬಂದು ಕೂಡಿಕೊಳ್ಳವಷ್ಟೆ. ಪ್ರವಾಹ ಮತ್ತು ವಿಭವಗಳ ನಿಯಮಗಳಿಂದ ನಮಗೆ ಪರಿಚಿತನಾದ ಕಿರ್ಚಾಫ್ 1847ರಲ್ಲಿಯೇ ವಿದ್ಯುನ್ಮಂಡಲಗಳನ್ನು ಲೆಕ್ಕಹಾಕಲು ಇಂಥ ವೃಕ್ಷಗಳನ್ನು ಬಳಸಿದ್ದನು. ನಾಲ್ಕು ಸ್ವಿಚ್ಚುಗಳ ಈ ಬಲೆಯಲ್ಲಿ ಒಟ್ಟು 16 ಬೇರೆಬೇರೆ ವೃಕ್ಷಗಳನ್ನು ಆರಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದು ಎಣಿಸಿ ನೋಡಬಹುದು. ತೊಡಕೆಂದರೆ, ಮೇಲಿನಿಂದ ನೋಡಿ ಆರಿಸುವ ಯಜಮಾನ ಯಾರೂ ಇಲ್ಲ. ತನ್ನ ನೆರೆಯವರನ್ನು ಮಾತ್ರ ಬಲ್ಲ ಸ್ವಿಚ್ಚುಗಳು ಎಲ್ಲವೂ ಸೇರಿ ಒಂದೇ ವೃಕ್ಷವನ್ನು ಆರಿಸಬೇಕು.

ಪರ್ಲ್‌ಮನ್‌ರ ಉಪಾಯ ಹೀಗಿದೆ. ಪ್ರತಿ ಸ್ವಿಚ್ಚಿಗೂ ಒಂದು ಗುರುತಿನ ಸಂಖ್ಯೆ. ಎಲ್ಲಕ್ಕಿಂತ ಕಡಿಮೆ ಸಂಖ್ಯೆಯುಳ್ಳದ್ದೇ ಅರಸು. ಅದೇ ವೃಕ್ಷದ ಬೇರು. ಪ್ರತಿಯೊಂದೂ ಅರಸಿನ ಕಡೆಗೆ ಹೋಗುವ ಅತ್ಯಂತ ಹತ್ತಿರದ ದಾರಿಯನ್ನು ಇಟ್ಟುಕೊಂಡು, ಹೆಚ್ಚಿನ ಬಾಗಿಲುಗಳನ್ನು ಮುಚ್ಚುತ್ತದೆ. ಎರಡು ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂಬ ಕ್ಷೇಮಸಮಾಚಾರ ಅರಸಿನಿಂದ ಹೊರಟು ಕೊಂಬೆಕೊಂಬೆಗೂ ಇಳಿಯುತ್ತದೆ. 20 ಸೆಕೆಂಡು ಅದು ಬಾರದಿದ್ದರೆ, ದಾರಿ ಕಡಿದಿದೆಯೆಂದು ಭಾವಿಸಿ ಮುಚ್ಚಿದ ಬಾಗಿಲನ್ನು ತೆರೆಯುವ ಸಿದ್ಧತೆ ನಡೆಯುತ್ತದೆ. ತೆರೆಯುವ ಮೊದಲು ಎರಡು ಹಂತಗಳಲ್ಲಿ ಹದಿನೈದು ಹದಿನೈದು ಸೆಕೆಂಡು ಕಾಯುವ ಕಟ್ಟಳೆಯುಂಟು. 1990ರಲ್ಲಿ ಈ ಕ್ರಮ ಅಂತರರಾಷ್ಟ್ರೀಯ ಶಿಷ್ಟತೆಯಾಯಿತು. ಮುಂದೆ 2001ರಲ್ಲಿ ಇದಕ್ಕಿಂತ ಚುರುಕಾದ ಆವೃತ್ತಿ ಬಂದಿತು.

ಇಷ್ಟು ಸುಂದರವಾದ ಕ್ರಮದಲ್ಲಿಯೂ ಎರಡು ಬಿರುಕುಗಳಿವೆ. ಮೊದಲನೆಯದು, ಅರಸನನ್ನು ಆರಿಸುವಾಗ ಯಾರೂ ವಂಶಾವಳಿಯನ್ನು ಕೇಳುವುದಿಲ್ಲ. ನಮ್ಮ ಕಥೆಗಳಲ್ಲಿ ಪಟ್ಟದಾನೆ ಯಾರ ಕೊರಳಿಗೆ ಮಾಲೆ ಹಾಕಿದರೆ ಅವನೇ ಅರಸನಾಗುವಂತೆ, ಇಲ್ಲಿ 'ನನ್ನ ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು' ಎಂದು ಸಾರಿದವನೇ ಅರಸು. ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರು ಹಾಗೆ ಸಾರಿದರೂ ಸ್ವಿಚ್ಚುಗಳು ತಲೆಬಾಗುತ್ತವೆ. ಅದು ಬಂದು ಹೋಗಿ ಮಾಡಿದಂತೆಲ್ಲ ರಾಜ್ಯದಲ್ಲಿ ಮತ್ತೆ ಮತ್ತೆ ಪಟ್ಟಾಭಿಷೇಕ. ಆಡಳಿತ ಮಾತ್ರ ಇಲ್ಲ. ಕಂಪ್ಯೂಟರು ಜೋಡಿಸುವ ಬಾಗಿಲುಗಳಿಂದ ಇಂಥ ಘೋಷಣೆ ಬಂದರೆ ಆ ಬಾಗಿಲನ್ನೇ ಮುಚ್ಚುವಂತೆ ಸ್ವಿಚ್ಚನ್ನು ಕಟ್ಟುಮಾಡುವುದು ಇದಕ್ಕೆ ಮದ್ದು. ಎರಡನೆಯ ಬಿರುಕು ಇದಕ್ಕಿಂತ ಸೂಕ್ಷ್ಮವಾದುದು: ಕ್ಷೇಮಸಮಾಚಾರ ಬಾರದಿರುವುದಕ್ಕೆ ದಾರಿ ಕಡಿದಿರುವುದೊಂದೇ ಕಾರಣವೆಂದು ಸ್ವಿಚ್ಚು ನಂಬಿದೆ. ದಾರಿಯಲ್ಲಿ ಜನಸಂದಣಿ ಹೆಚ್ಚಿ ಸಮಾಚಾರ ತಡವಾಗಿದ್ದರೆ? ಆಗ ಸ್ವಿಚ್ಚು ತೆರೆಯಬಾರದ ಬಾಗಿಲನ್ನು ತೆರೆಯುತ್ತದೆ, ಉಂಗುರ ಏರ್ಪಡುತ್ತದೆ, ಸಂದಣಿ ಇನ್ನೂ ಹೆಚ್ಚುತ್ತದೆ, ಸಮಾಚಾರ ಇನ್ನೂ ತಡವಾಗುತ್ತದೆ.

ಇದು ಪುಸ್ತಕದ ಮಾತಲ್ಲ. ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ 2002ರ ನವೆಂಬರ್ 13ರಂದು ಹೀಗೆಯೇ ಆಯಿತು. ಅದು 1996ರಲ್ಲಿ ಎರಡು ಆಸ್ಪತ್ರೆಗಳು ಕೂಡಿ ಒಂದಾದ ಸಂಸ್ಥೆ. ಕಟ್ಟಡಕ್ಕೆ ಕಟ್ಟಡ ಸೇರಿದಂತೆ ಸ್ವಿಚ್ಚಿಗೆ ಸ್ವಿಚ್ಚು ಸೇರುತ್ತ ಹೋಯಿತು. ಪರ್ಲ್‌ಮನ್ ಕ್ರಮದಲ್ಲಿ ರೂಢಿಯಾಗಿರುವ ಕಾಲಾವಧಿಗಳು, ಜಾಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚಿಲ್ಲವೆಂಬ ಎಣಿಕೆಯಿಂದ ಗೊತ್ತುಮಾಡಿದವು. ಆಸ್ಪತ್ರೆಯ ಜಾಲ ಈ ಮೇರೆಯನ್ನು ದಾಟಿ ಬೆಳೆದಿತ್ತು. ಆದರೂ ವರ್ಷಗಳ ಕಾಲ ಏನೂ ಆಗಲಿಲ್ಲ. ಮೇರೆ ಮೀರಿದ ಯಂತ್ರಗಳು ಒಡನೆಯೇ ಕೆಡುತ್ತವೆಂಬ ನಿಯಮವಿಲ್ಲವಷ್ಟೆ. ಆ ದಿನ ಸಂಶೋಧಕರೊಬ್ಬರ ಕಂಪ್ಯೂಟರಿನಿಂದ ಬಹು ದೊಡ್ಡ ಪ್ರಮಾಣದ ಮಾಹಿತಿ ಜಾಲದ ಮೇಲೆ ಹರಿಯಿತು. ಅವರೇನೂ ಅಪರಾಧ ಮಾಡಲಿಲ್ಲ. ತಮ್ಮ ಕೆಲಸ ತಾವು ಮಾಡುತ್ತಿದ್ದರು. ಸಂದಣಿಯಲ್ಲಿ ಕ್ಷೇಮಸಮಾಚಾರಗಳು ತಡವಾದುವು, ಬಾಗಿಲುಗಳು ತೆರೆದುವು, ಉಂಗುರಗಳು ಕೂಡಿದುವು.

ಆಸ್ಪತ್ರೆಯಲ್ಲಿ ಜಾಲ ನಿಲ್ಲುವುದೆಂದರೆ ಕಾಗದಪತ್ರ ತಡವಾಗುವುದಷ್ಟೇ ಅಲ್ಲ. ರೋಗಿಯ ರಕ್ತಪರೀಕ್ಷೆಯ ಫಲಿತಾಂಶ, ಕೊಡಬೇಕಾದ ಔಷಧದ ಪ್ರಮಾಣ, ಹಿಂದಿನ ಚಿಕಿತ್ಸೆಯ ವಿವರ, ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಕಂಪ್ಯೂಟರಿನಲ್ಲಿಯೇ ಆದೇಶ ಬರೆದು ರೂಢಿಯಾಗಿದ್ದ ವೈದ್ಯರು ಮತ್ತೆ ಲೇಖನಿ ಹಿಡಿದು ಚೀಟಿ ಬರೆಯಬೇಕಾಯಿತು. ಚೀಟಿಗಳನ್ನು ಪ್ರಯೋಗಶಾಲೆಗೆ, ಫಲಿತಾಂಶಗಳನ್ನು ವಾರ್ಡಿಗೆ ಜನರೇ ಹೊತ್ತು ಓಡಾಡಬೇಕಾಯಿತು. ಸ್ವಿಚ್ಚುಗಳನ್ನು ತಯಾರಿಸಿದ ಸಿಸ್ಕೋ ಕಂಪೆನಿಯ ತಜ್ಞರು ಬಂದರು, ಹೊಸ ಯಂತ್ರಗಳು ಬಂದುವು. ಜಾಲ ಸ್ವಸ್ಥಿತಿಗೆ ಮರಳಲು ನಾಲ್ಕು ದಿನಗಳು ಹಿಡಿದುವು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಮ್ಕಾ ಈ ಪ್ರಸಂಗವನ್ನು ಮುಚ್ಚಿಡದೆ, ಇತರ ಆಸ್ಪತ್ರೆಗಳಿಗೆ ತಿಳಿಯಲೆಂದು ಬಹಿರಂಗವಾಗಿ ವಿವರಿಸಿದರು. ಇಂಥ ನಡವಳಿಕೆ ಎಷ್ಟು ವಿರಳವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಆ ಬಳಿಕ ಒಂದೇ ದೊಡ್ಡ ಬಯಲಾಗಿದ್ದ ಜಾಲವನ್ನು ರೂಟರುಗಳಿಂದ ಸಣ್ಣ ಸಣ್ಣ ಅಂಗಳಗಳಾಗಿ ವಿಭಾಗಿಸಲಾಯಿತು. ರೂಟರು ಡಂಗುರವನ್ನು ದಾಟಿಸುವುದಿಲ್ಲ. ಆದುದರಿಂದ ಒಂದು ಅಂಗಳದಲ್ಲಿ ಎದ್ದ ಗಾಳಿ ಆ ಅಂಗಳದಲ್ಲಿಯೇ ಅಡಗುತ್ತದೆ.

ತೆರವಾಗದ ಕೊಠಡಿಗಳು

ಇದುವರೆಗೆ ಹೇಳಿದುವು ಸ್ವಿಚ್ಚಿನ ಮೂಲಕ ಹಾದುಹೋಗುವ ಲಕೋಟೆಗಳ ಉಪಟಳ. ಸ್ವಿಚ್ಚಿಗೇ ಬರೆದ ಕಾಗದಗಳೂ ಉಂಟು. ಸ್ವಿಚ್ಚಿಗೆ ಕೈ ಬೇರೆ, ತಲೆ ಬೇರೆ. ಲಕೋಟೆಗಳನ್ನು ವಿಂಗಡಿಸಿ ಎಸೆಯುವ ಕೈ ಎಂದರೆ ಅದಕ್ಕಾಗಿಯೇ ರಚಿಸಿದ ವಿದ್ಯುನ್ಮಂಡಲ. ಸೆಕೆಂಡಿಗೆ 100 ಕೋಟಿ ಬಿಟ್ಟುಗಳ ತಂತಿಯಿಂದ ಬರುವ 14 ಲಕ್ಷಕ್ಕೂ ಮೀರಿದ ಲಕೋಟೆಗಳನ್ನು ಅದು ಲೀಲಾಜಾಲವಾಗಿ ಎಸೆಯುತ್ತದೆ. ತಲೆಯೆಂದರೆ ಒಂದು ಸಾಧಾರಣ ಕಂಪ್ಯೂಟರು. ನೆರೆಯವರ ಕ್ಷೇಮಸಮಾಚಾರ ಓದುವುದು, ಮೇಲ್ವಿಚಾರಕನ ಅಪ್ಪಣೆ ಕೇಳುವುದು, ಕೈಗೆ ಅರ್ಥವಾಗದ ಲಕೋಟೆಗಳನ್ನು ಪರಿಶೀಲಿಸುವುದು ತಲೆಯ ಕೆಲಸ. ಕೈಗಿರುವ ವೇಗ ತಲೆಗಿಲ್ಲ. ಕೈ ನಿಭಾಯಿಸಬಲ್ಲ ಪ್ರವಾಹದ ಒಂದು ಸಣ್ಣ ಪಾಲನ್ನು ತಲೆಯ ಕಡೆಗೆ ತಿರುಗಿಸಿದರೂ ಅದಕ್ಕೆ ಮಂಕು ಕವಿಯುತ್ತದೆ. ಆದುದರಿಂದ ಒಳ್ಳೆಯ ಸ್ವಿಚ್ಚುಗಳಲ್ಲಿ ತಲೆಯ ಬಾಗಿಲಿಗೆ ಕಾವಲುಗಾರನನ್ನಿಟ್ಟು, ಇಂಥ ಬಗೆಯ ಲಕೋಟೆ ಸೆಕೆಂಡಿಗೆ ಇಷ್ಟು ಮಾತ್ರ ಎಂದು ಪಡಿ ಗೊತ್ತುಮಾಡುತ್ತಾರೆ.

2003ರ ಜುಲೈ ತಿಂಗಳಿನಲ್ಲಿ ಬೆಳಕಿಗೆ ಬಂದ ಒಂದು ದೋಷವಂತೂ ಪ್ರವಾಹವನ್ನೂ ಬೇಡಲಿಲ್ಲ. ಸಿಸ್ಕೋ ಕಂಪೆನಿಯ ರೂಟರುಗಳಲ್ಲಿಯೂ ಸ್ವಿಚ್ಚುಗಳಲ್ಲಿಯೂ ಇದ್ದ ಐಓಎಸ್ ಎಂಬ ಕಾರ್ಯಕ್ರಮದಲ್ಲಿ, ತಲೆಗೆ ಹೋಗಬೇಕಾದ ಪ್ಯಾಕೆಟ್ಟುಗಳು ಸರದಿಗಾಗಿ ಕಾಯುವ ಒಂದು ಸಾಲಿತ್ತು. ಆ ಸಾಲಿನಲ್ಲಿ ಸಾಮಾನ್ಯವಾಗಿ 75 ಸ್ಥಳಗಳು. ಬಹು ಅಪರೂಪವಾಗಿ ಬಳಸುವ ನಾಲ್ಕು ಬಗೆಯ ಪ್ಯಾಕೆಟ್ಟುಗಳು ಈ ಸಾಲಿಗೆ ಬಂದರೆ, ಅವುಗಳ ವಿಚಾರ ಮುಗಿದ ಮೇಲೂ ಅವು ಕುಳಿತ ಸ್ಥಳ ತೆರವಾಗುತ್ತಿರಲಿಲ್ಲ. ಛತ್ರದ ಪಾರುಪತ್ಯಗಾರ, ಬಂದವರ ಹೆಸರನ್ನು ಬರೆದುಕೊಂಡು ಹೋದವರ ಹೆಸರನ್ನು ಹೊಡೆದುಹಾಕದಿದ್ದರೆ ಏನಾಗುವುದೋ ಅದೇ ಆಯಿತು. 75 ಕೊಠಡಿಗಳೂ ಲೆಕ್ಕದಲ್ಲಿ ತುಂಬಿದುವು. ಅಲ್ಲಿಂದ ಮುಂದೆ ಆ ಬಾಗಿಲಿನಿಂದ ಬಂದ ಯಾರಿಗೂ ಸ್ಥಳವಿಲ್ಲ. ಯಂತ್ರ ಕೆಟ್ಟು ನಿಲ್ಲುವುದಿಲ್ಲ, ಎಚ್ಚರಿಕೆಯ ಗಂಟೆ ಹೊಡೆಯುವುದಿಲ್ಲ, ಸುಮ್ಮನೆ ಕಿವುಡಾಗುತ್ತದೆ. ನಿಲ್ಲಿಸಿ ಮತ್ತೆ ಚಾಲನೆ ಕೊಟ್ಟರೆ ಮಾತ್ರ ಕಿವಿ ತೆರೆಯುತ್ತಿತ್ತು. ಅಂತರಜಾಲದ ಹೆದ್ದಾರಿಗಳ ಬಹುಭಾಗ ಆ ಕಂಪೆನಿಯ ಯಂತ್ರಗಳ ಮೇಲೆಯೇ ನಿಂತಿದ್ದುದರಿಂದ, ದೋಷವನ್ನು ಸಾರ್ವಜನಿಕರಿಗೆ ಪೂರ್ತಿಯಾಗಿ ತಿಳಿಸುವ ಮೊದಲು ದೊಡ್ಡ ಜಾಲಗಳನ್ನು ನಡೆಸುವವರಿಗೆ ತಿಳಿಸಿ, ತಿದ್ದಿದ ಕಾರ್ಯಕ್ರಮವನ್ನು ಹಾಕಿಕೊಳ್ಳಲು ಅವಕಾಶ ಕೊಡಲಾಯಿತು.

44, 40, 8

ಈ ಬಗೆಯ ರೋಗಗಳಲ್ಲಿ ನಮಗೆ ಎಲ್ಲಕ್ಕಿಂತ ವಿಸ್ಮಯಕರವಾಗಿ ತೋರುವುದು ಬಹಳ ಹಳೆಯದು. ಅಂತರಜಾಲದ ತಾಯಿಯೆನಿಸಿದ ಅರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ಗಂಟೆಗಳ ಕಾಲ ಪೂರ್ತಿಯಾಗಿ ನಿಂತುಹೋಯಿತು. ಶತ್ರುಗಳ ಕೈವಾಡವಿರಲಿಲ್ಲ, ತಂತಿ ತುಂಡಾಗಲಿಲ್ಲ.

ಅರ್ಪಾನೆಟ್ಟಿನಲ್ಲಿ ಪ್ಯಾಕೆಟ್ಟುಗಳನ್ನು ತಿರುಗಿಸುವ ಯಂತ್ರಗಳಿಗೆ ಇಂಪ್ ಎಂದು ಹೆಸರು. ಇಂದಿನ ಸ್ವಿಚ್ಚು ರೂಟರುಗಳ ಅಜ್ಜಂದಿರು. ಪ್ರತಿಯೊಂದು ಇಂಪೂ ತನ್ನ ದಾರಿಗಳ ಸ್ಥಿತಿಗತಿಯನ್ನು ಆಗಾಗ ಉಳಿದವಕ್ಕೆಲ್ಲ ಸಾರುತ್ತಿತ್ತು. ಹಳೆಯ ಸುದ್ದಿ ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿ ಸುದ್ದಿಗೂ ಕ್ರಮಸಂಖ್ಯೆ. ಅದಕ್ಕೆ ಆರೇ ಬಿಟ್ಟು. ಎಂದರೆ 0ಯಿಂದ 63ರವರೆಗೆ ಎಣಿಸಿ ಮತ್ತೆ 0ಗೆ ಬರಬೇಕು, ಗಡಿಯಾರದ ಮುಳ್ಳಿನಂತೆ. ಗಡಿಯಾರದಲ್ಲಿ ಯಾವುದು ಮುಂದು, ಯಾವುದು ಹಿಂದು? ಅದಕ್ಕೆ ಒಂದು ನಿಯಮ ಮಾಡಿದ್ದರು: ಎರಡು ಸಂಖ್ಯೆಗಳಲ್ಲಿ ಅರ್ಧ ಸುತ್ತಿನೊಳಗೆ, ಎಂದರೆ 32 ಹೆಜ್ಜೆಯೊಳಗೆ, ಯಾವುದು ಮುಂದಿದೆಯೋ ಅದು ಹೊಸದು. ಹೊಸ ಸುದ್ದಿ ಬಂದರೆ ಹಳೆಯದನ್ನು ಅಳಿಸಿ, ಅದನ್ನು ನೆರೆಯವರಿಗೆಲ್ಲ ಹಂಚಬೇಕು.

ಒಂದು ಇಂಪಿನ ನೆನಪಿನ ಕೋಶ ಕೆಟ್ಟು, ಅದರಲ್ಲಿದ್ದ 1 ಕೆಲವು ವೇಳೆ 0 ಆಗಿಬಿಡುತ್ತಿತ್ತು. 44 ಎಂಬ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ 101100. ಒಂದು ಬಿಟ್ಟು ಬಿದ್ದುಹೋದರೆ 101000, ಎಂದರೆ 40. ಇನ್ನೊಂದು ಬಿದ್ದುಹೋದರೆ 001000, ಎಂದರೆ 8. ಹೀಗೆ ಒಂದೇ ಸುದ್ದಿ 44, 40, 8 ಎಂಬ ಮೂರು ಸಂಖ್ಯೆಗಳನ್ನು ಹೊತ್ತು ಜಾಲದಲ್ಲಿ ಹರಡಿತು. ಈಗ ನಿಯಮವನ್ನು ಅನ್ವಯಿಸಿ ನೋಡಿರಿ. 8ರಿಂದ 40ಕ್ಕೆ 32 ಹೆಜ್ಜೆ. ಆದುದರಿಂದ 40 ಹೊಸದು. 40ರಿಂದ 44ಕ್ಕೆ 4 ಹೆಜ್ಜೆ. ಆದುದರಿಂದ 44 ಇನ್ನೂ ಹೊಸದು. 44ರಿಂದ ಸುತ್ತು ಪೂರೈಸಿ 8ಕ್ಕೆ 28 ಹೆಜ್ಜೆ. ಆದುದರಿಂದ 8 ಎಲ್ಲಕ್ಕಿಂತ ಹೊಸದು! ಮೂರು ಜನ ಅಣ್ಣತಮ್ಮಂದಿರಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನಿಗಿಂತ ಕಿರಿಯ. ಪ್ರತಿ ಇಂಪೂ 8ನ್ನು ಅಳಿಸಿ 40ನ್ನು ಬರೆದು ಹಂಚಿತು. 40ನ್ನು ಅಳಿಸಿ 44ನ್ನು ಹಂಚಿತು. 44ನ್ನು ಅಳಿಸಿ ಮತ್ತೆ 8ನ್ನು ಹಂಚಿತು. ದಾರಿಯ ಸುದ್ದಿಗೆ ಎಲ್ಲಕ್ಕಿಂತ ಹೆಚ್ಚಿನ ಮನ್ನಣೆ ಇದ್ದುದರಿಂದ ಇಂಪುಗಳಿಗೆ ಬೇರೆ ಕೆಲಸಕ್ಕೆ ಬಿಡುವೇ ಇಲ್ಲವಾಯಿತು. ಒಂದನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರೆ ನೆರೆಯವುಗಳಿಂದ ಅದೇ ಮೂರು ಸುದ್ದಿಗಳು ಮತ್ತೆ ಅಂಟಿಕೊಂಡುವು.

ಜಾಲವನ್ನು ನೋಡಿಕೊಳ್ಳುತ್ತಿದ್ದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಸಂಸ್ಥೆಯವರು ಕಾರಣವನ್ನು ಪತ್ತೆಹಚ್ಚಿ, 'ಐವತ್ತನೆಯ ಇಂಪಿನ ಹೆಸರಿನಲ್ಲಿ ಬರುವ ಸುದ್ದಿಯನ್ನು ಲೆಕ್ಕಿಸಬೇಡಿರಿ' ಎಂದು ಎಲ್ಲ ಇಂಪುಗಳ ಕಾರ್ಯಕ್ರಮದಲ್ಲಿಯೂ ತೇಪೆ ಹಾಕಿದ ಮೇಲೆ ಜಾಲ ಎಚ್ಚೆತ್ತಿತು. ಆ ಸಂಸ್ಥೆಯ ಎರಿಕ್ ರೋಸೆನ್ 1981ರಲ್ಲಿ ಇದರ ವರದಿಯನ್ನು ಬರೆದರು. ಇಂದಿಗೂ ಅದು ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುತ್ತದೆ.

ಗಡಿಯಾರದಂತೆ ಸುತ್ತುವ ಸಂಖ್ಯೆಯೇ ಈ ಅನರ್ಥಕ್ಕೆ ಎಡೆಗೊಟ್ಟಿತೆಂದು ಕಂಡು, ಬೇರೆ ಬಗೆಯ ಎಣಿಕೆಯನ್ನು 1983ರಲ್ಲಿ ಸೂಚಿಸಿದವರು ನಮಗೆ ಆಗಲೇ ಪರಿಚಿತರಾದ ರೇಡಿಯಾ ಪರ್ಲ್‌ಮನ್ನರೇ. ಇಂದು ದೊಡ್ಡ ಸಂಸ್ಥೆಗಳ ಜಾಲಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಓಎಸ್‌ಪಿಎಫ್ ಎಂಬ ಕ್ರಮದಲ್ಲಿ ಕ್ರಮಸಂಖ್ಯೆ ಸುತ್ತುವುದೇ ಇಲ್ಲ. ಒಂದು ತುದಿಯಿಂದ ಹೊರಟು ನೇರವಾಗಿ ಇನ್ನೊಂದು ತುದಿಗೆ ನಡೆಯುತ್ತದೆ. ತುದಿ ಮುಟ್ಟಿದರೆ ಆ ಸುದ್ದಿಯನ್ನು ಜಾಲದಿಂದ ಪೂರ್ತಿಯಾಗಿ ಅಳಿಸಿ ಮೊದಲಿನಿಂದ ಎಣಿಸಬೇಕು. ಆದರೆ ಸಂಖ್ಯೆಗೆ ಈಗ 32 ಬಿಟ್ಟುಗಳುಂಟು. ಒಂದೇ ಸುದ್ದಿಯನ್ನು ಐದು ಸೆಕೆಂಡಿಗಿಂತ ಬೇಗ ಮತ್ತೆ ಹೊರಡಿಸಬಾರದೆಂಬ ಕಟ್ಟಳೆಯೂ ಉಂಟು. ಒಂದು ಕ್ಷಣವೂ ಬಿಡದೆ ಐದೈದು ಸೆಕೆಂಡಿಗೊಮ್ಮೆ ಸಾರುತ್ತ ಹೋದರೂ ಆ ಸಂಖ್ಯೆ ತುದಿಯನ್ನು ಮುಟ್ಟಲು ಸುಮಾರು 680 ವರ್ಷಗಳು ಬೇಕು.